ಹದಿಮೂರನೆಯ ಕಂತಿನ ನೆತ್ತರು

ಅರಿಶಿನಕ್ಕೆ ಸುಣ್ಣ ಬೆರೆಸಿದರೆ ಕೆಂಪಾಗುತ್ತದೆ ಎಂಬುದು ಎಲ್ಲರಿಗೂ ಗೊತ್ತು; ಆ ಕೆಂಪು ಎಷ್ಟು ಹೊತ್ತು ನಿಲ್ಲುತ್ತದೆ ಎಂಬುದು ನಯನಾಳಿಗೆ ಗೊತ್ತಿತ್ತು. ನೆರಳಿನಲ್ಲಿ ನಲವತ್ತು ನಿಮಿಷ, ಬಿಸಿಲಿನಲ್ಲಿ ಇಪ್ಪತ್ತೈದು, ಬೆವರುವ ಕುತ್ತಿಗೆಯ ಮೇಲಾದರೆ ಹೆಚ್ಚೆಂದರೆ ಹದಿನೈದು. ಈ ಮೂರು ಅಂಕಿಗಳನ್ನು ಅವಳು ನೋಟುಬುಕ್ಕಿನ ಮೊದಲ ಪುಟದಲ್ಲಿ ಸ್ಕೇಲಿನಿಂದ ಗೆರೆ ಎಳೆದು ಬರೆದಿಟ್ಟುಕೊಂಡಿದ್ದಳು. ಹರಿಹರದ ಮುಚ್ಚಿದ ನೂಲಿನ ಗಿರಣಿಯೊಳಗೆ, ಯಂತ್ರಗಳನ್ನು ಕಿತ್ತು ಒಯ್ದ ಮೇಲೆ ನೆಲದಲ್ಲಿ ಉಳಿದುಹೋದ ಎಣ್ಣೆಯ ಕರಿ ಚೌಕಗಳ ನಡುವೆ ಕುಳಿತು, ಮಧ್ಯಾಹ್ನ ಮೂರು ಗಂಟೆಯ ಹೊತ್ತಿಗೆ, ಸ್ಟೀಲಿನ ಬಟ್ಟಲಿನಲ್ಲಿ ಅವಳು ಕೊನೆಯ ದಿನದ ನೆತ್ತರನ್ನು ಕಲಸುತ್ತಿದ್ದಳು. ಎದುರಿಗೆ ಅವಳ ಗಂಡ ಶಿವು ಅಂಗಿಯ ಮೇಲಿನ ಎರಡು ಗುಂಡಿ ಬಿಚ್ಚಿ, ಕತ್ತು ಓರೆ ಮಾಡಿ, ಗಾಯಕ್ಕಾಗಿ ಕಾಯುತ್ತ ಕುಳಿತಿದ್ದ. ಪಕ್ಕದಲ್ಲಿ, ಬಿಚ್ಚದ ಒಂದು ಬಟ್ಟೆಯ ಗಂಟು. ಅದರ ಕಡೆಗೆ ಇಬ್ಬರೂ ನೋಡುತ್ತಿರಲಿಲ್ಲ.

‘ಎದ್ದು ನಡೆದವರು’ ಎಂಬ ಆ ಧಾರಾವಾಹಿ ದಾವಣಗೆರೆಯ ಕೇಬಲ್ಲಿನಲ್ಲಿ ಪ್ರತಿ ಭಾನುವಾರ ಬೆಳಿಗ್ಗೆ ಹತ್ತೂವರೆಗೆ ಬರುತ್ತಿತ್ತು. ಹೆಸರಿಲ್ಲದ ಒಂದು ಜ್ವರ ಬಂದು ಊರೆಲ್ಲ ಸಾಯುತ್ತದೆ. ಸತ್ತವರು ಮೂರನೆಯ ದಿನ ಎದ್ದು ನಡೆಯುತ್ತಾರೆ. ಅವರು ಕಚ್ಚಿದವರೂ ಸತ್ತು ಎದ್ದು ನಡೆಯುತ್ತಾರೆ. ಉಳಿದವರು ಒಬ್ಬ ಗಂಡ, ಒಬ್ಬ ಹೆಂಡತಿ. ಹನ್ನೆರಡು ಕಂತುಗಳ ತನಕ ಅವರಿಬ್ಬರು ಒಂದು ಗಿರಣಿಯಲ್ಲಿ ಅಡಗಿಕೊಂಡು, ಒಬ್ಬರು ಮಲಗಿದಾಗ ಇನ್ನೊಬ್ಬರು ಎಚ್ಚರವಿದ್ದು, ಒಂದೇ ತಟ್ಟೆಯಲ್ಲಿ ಉಂಡು, ಬದುಕಿಕೊಂಡು ಬಂದಿದ್ದರು. ಇದನ್ನು ಬರೆದು, ನಿರ್ದೇಶಿಸಿ, ಕ್ಯಾಮೆರಾ ಹಿಡಿಯುತ್ತಿದ್ದವನು ಹದಿನಾರು ವರ್ಷಗಳಿಂದ ಮದುವೆಗಳ ವಿಡಿಯೊ ತೆಗೆಯುತ್ತಿದ್ದ ರೌಫ್. ಶಿವು ಅವನ ಬಳಿ ಲೈಟು ಹಿಡಿಯುವ ಕೆಲಸಕ್ಕಿದ್ದ, ನಯನಾ ಬಿ.ಎಸ್ಸಿ. ಮಾಡಿದವಳೆಂದು ಯಾವ ದೃಶ್ಯದಲ್ಲಿ ಯಾರು ಎಲ್ಲಿ ನಿಂತಿದ್ದರು, ಯಾವ ಸೀರೆ, ಗಾಯ ಯಾವ ಕಡೆ ಎಂದು ಬರೆದುಕೊಳ್ಳಲು ಬಂದವಳು. ನಾಟಕ ಕಂಪನಿಯಿಂದ ಕರೆಸಿದ್ದ ಜೋಡಿ ಮುಂಗಡ ತೆಗೆದುಕೊಂಡು ಬಾರದೆ ಹೋದಾಗ ರೌಫ್ ಇವರಿಬ್ಬರನ್ನು ಕಣ್ಣು ಸಣ್ಣ ಮಾಡಿಕೊಂಡು ನೋಡಿ, “ಗಂಡ ಹೆಂಡ್ತಿ ಆಗಾಕ ನಿಮಗೇನು ಟ್ರೇನಿಂಗ್ ಬೇಕು?” ಎಂದಿದ್ದ. ಅಂದಿನಿಂದ ಬದುಕಿ ಉಳಿಯುವುದು ಅವರ ಕೆಲಸವಾಗಿತ್ತು.

ನೆತ್ತರು ಅವಳದೇ ಹೊಣೆ. ಮೊದಲನೆಯ ದಿನ ಸತ್ತವರಿಗೆ ಬೆಳಗಿನ ತಿಂಡಿಗೆ ಚಿತ್ರಾನ್ನ ಕೊಟ್ಟಿದ್ದರು. ಕೆಲಸ ಹೋದ ಗಿರಣಿಯವರೇ ಸತ್ತವರ ಪಾತ್ರಕ್ಕೆ ಬಂದಿದ್ದರು, ಮೂವತ್ತೊಂದು ಜನ. ಮುಖಕ್ಕೆ ಅಕ್ಕಿಹಿಟ್ಟು, ಬಾಯಿಗೆ ಕೆಂಪು ಬಳಿದುಕೊಂಡು ತಿಂಡಿಗೆ ಕುಳಿತರು. ನಿಂಬೆಹುಳಿಯ ಕೈಯಿಂದ ಬಾಯಿ ಒರೆಸಿಕೊಂಡರು. ಕ್ಯಾಮೆರಾದ ಮುಂದೆ ಬಂದು ನಿಂತಾಗ ಮೂವತ್ತೊಂದು ಹೆಣಗಳ ಬಾಯೂ ಹಳದಿಯಾಗಿತ್ತು. “ಇದೇನು ಹೆಣಾನಾ, ಅರಿಶಿನ ಶಾಸ್ತ್ರದ ಬೀಗರಾ?” ಎಂದು ರೌಫ್ ಎಲ್ಲರೆದುರಿಗೆ ಕೂಗಾಡಿದ. ಹುಳಿ ತಗುಲಿದರೆ ಸುಣ್ಣದ ಗುಣ ಹೋಗಿ ಅರಿಶಿನ ಮತ್ತೆ ಅರಿಶಿನವಾಗುತ್ತದೆ ಎಂಬ, ಪಿ.ಯು.ಸಿ.ಯ ಮಕ್ಕಳಿಗೂ ಗೊತ್ತಿರುವ ಸಂಗತಿಯನ್ನು ತಾನು ಮರೆತಿದ್ದಕ್ಕೆ ನಯನಾಳ ಕಿವಿ ಬಿಸಿಯಾಗಿತ್ತು. ಮರುದಿನದಿಂದ ತಿಂಡಿಗೆ ಉಪ್ಪಿಟ್ಟು. ನಿಂಬೆಹಣ್ಣು ಅವಳ ತಗಡಿನ ಪೆಟ್ಟಿಗೆಯಲ್ಲಿ ಒಂದೇ ಒಂದು, ಎರಡು ಹೋಳಾಗಿ, ಪ್ಲಾಸ್ಟಿಕ್ಕಿನಲ್ಲಿ ಸುತ್ತಿಕೊಂಡು, ದಿನದ ಕೊನೆಗೆ ಬಣ್ಣ ತೊಳೆಯಲೆಂದು ಇರುತ್ತಿತ್ತು. ಅದನ್ನು ಅವಳ ಹೊರತು ಯಾರೂ ಮುಟ್ಟುವಂತಿರಲಿಲ್ಲ.

“ಏನವ್ವ ಟೀಚರಮ್ಮ, ನಮ್ಮ ಬಾಯಿಗಿನ್ನ ರಕ್ತ ಹಚ್ಚಲಿಲ್ಲ, ಗಂಡಗ ಮಾತ್ರ ಮುತುವರ್ಜಿ,” ಎಂದು ರಂಗವ್ವ ಬಾಗಿಲ ಬಳಿಯಿಂದ ಕೂಗಿದಳು. ಇಪ್ಪತ್ತೆರಡು ವರ್ಷ ಇದೇ ಗಿರಣಿಯಲ್ಲಿ ನೂಲು ಹೊಸೆದವಳು. ಈಗ ಸತ್ತವರಲ್ಲಿ ಮುಂದಾಳು. ಹೆಣದಂತೆ ಕಾಲೆಳೆದುಕೊಂಡು ನಡೆಯುವುದನ್ನು ರೌಫ್ ತೋರಿಸಿಕೊಡಲು ಹೋದಾಗ, “ಮೂರನೇ ಪಾಳಿ ಮುಗಿಸಿ ಮನೀಗೆ ಹೋಗೋರನ್ನ ನೋಡಿಲ್ಲ ನೀವು ಸಾಬ್ರೆ, ನಮಗ ಹೇಳಿಕೊಡಬ್ಯಾಡ್ರಿ,” ಎಂದು ಅವನನ್ನು ಕೂಡಿಸಿದವಳು.

“ನಿಮ್ಮದು ಕಡೀಗೆ, ರಂಗವ್ವ. ಒಣಗಿಬಿಡ್ತೈತೆ.”

“ಆತು ಬಿಡು. ಸತ್ತೋರಿಗೆ ಏನವಸರ.”

ಸತ್ತವರಿಗೆ ಅವಸರವಿಲ್ಲ. ಅದು ನಯನಾಳಿಗೂ ತಿಳಿದದ್ದೇ. ಅವಳು ಸತ್ತು ಒಂದು ವರ್ಷ ಎರಡು ತಿಂಗಳಾಗಿತ್ತು. ಶಿವುವಿನ ಜೊತೆ ಸಬ್‌ರಿಜಿಸ್ಟ್ರಾರ್ ಕಚೇರಿಗೆ ಹೋಗಿ ಸಹಿ ಮಾಡಿ ಬಂದ ಹನ್ನೊಂದನೆಯ ದಿನ, ಕೆ.ಬಿ. ಬಡಾವಣೆಯ ತಮ್ಮ ಮನೆಯ ಮುಂದೆ ಶಾಮಿಯಾನ ಹಾಕಿಸಿ ಅವಳ ಅಪ್ಪ ಶಿವಮೂರ್ತಪ್ಪ ಅವಳು ಸತ್ತಳೆಂದು ಅವಳ ಹೆಸರಿನಲ್ಲಿ ಗಣಾರಾಧನೆಯ ಊಟ ಹಾಕಿಸಿದ್ದರು. ಕಾರ್ಡು ಅಂಚೆಯಲ್ಲಿ ಅವಳಿಗೂ ಬಂದಿತ್ತು. ಮಂಡಿಪೇಟೆಯ ಅವರ ಅಂಗಡಿಯ ಗುಮಾಸ್ತ ವಿಳಾಸಗಳ ಪಟ್ಟಿ ಮಾಡುವಾಗ ತಪ್ಪಿ ಕಳಿಸಿದನೋ, ಬೇಕೆಂದೇ ಕಳಿಸಿದನೋ ತಿಳಿಯಲಿಲ್ಲ. ಹತ್ತನೆಯ ತರಗತಿಯ ಫೋಟೊ, ಎರಡು ಜಡೆ. ನಮ್ಮ ಪ್ರೀತಿಯ ಪುತ್ರಿ ಲಿಂಗೈಕ್ಯಳಾದ ಪ್ರಯುಕ್ತ. ಕಾರ್ಡಿನಲ್ಲಿ ಒಂದೂ ಅಕ್ಷರದೋಷವಿರಲಿಲ್ಲ, ಅದನ್ನು ಅವಳು ಎರಡು ಸಲ ನೋಡಿದ್ದಳು. ಆಮೇಲೆ ಪದವಿ ಪ್ರಮಾಣಪತ್ರ ತರಲು ಕಾಲೇಜಿಗೆ ಹೋದಾಗ ಕಿಟಕಿಯೊಳಗಿನ ಗುಮಾಸ್ತರು ಕನ್ನಡಕ ಮೇಲೆತ್ತಿ, “ನೀನು ಶಿವಮೂರ್ತಪ್ನೋರ ಮಗಳಲ್ಲೇನವ್ವ?” ಎಂದು ಕೇಳಿ, “ನಿನ್ನ ಊಟ ಮಾಡಿ ಬಂದೀನಲ್ಲ ನಾನು. ಹೋಳಿಗಿ ಚೆನ್ನಾಗಿದ್ವು,” ಎಂದಿದ್ದರು. ಅವರಿಗೆ ಕುಹಕವಿರಲಿಲ್ಲ, ನಿಜವಾದ ತೊಡಕು ಮಾತ್ರ ಇತ್ತು. ಸತ್ತವಳ ಸಹಿ ತೆಗೆದುಕೊಳ್ಳಬಹುದೇ ಎಂದು ಯೋಚಿಸುವವರಂತೆ ಪೆನ್ನನ್ನು ಬೆರಳಲ್ಲಿ ತಿರುಗಿಸುತ್ತ ಕುಳಿತಿದ್ದರು. ಅವಳು ಪೆನ್ನು ಕಸಿದುಕೊಂಡೇ ಸಹಿ ಮಾಡಿದ್ದಳು. ಮಂಡಿಪೇಟೆಯಲ್ಲಿ ಅಪ್ಪನ ಅಂಗಡಿಯ ಹಮಾಲರು ಅವಳನ್ನು ಕಂಡಾಗ ಅವಳ ಹಿಂದಿನ ಗೋಡೆಯನ್ನು ನೋಡುತ್ತಿದ್ದರು. ಮೊದಮೊದಲು ಅವಳೂ ತಿರುಗಿ ಆ ಗೋಡೆಯನ್ನು ನೋಡಿದ್ದುಂಟು.

“ಅಲುಗಾಡಬ್ಯಾಡ್ರಿ,” ಎಂದಳು. ಎಡಗಿವಿಯಿಂದ ನಾಲ್ಕು ಬೆರಳು ಕೆಳಗೆ, ಎರಡು ಬೆರಳು ಅಗಲ. ಹನ್ನೆರಡನೆಯ ಕಂತಿನ ಕೊನೆಯಲ್ಲಿ ಕಚ್ಚಿಸಿಕೊಂಡ ಜಾಗ. ಬೆರಳ ತುದಿಯಿಂದ ಕೆಂಪನ್ನು ಇಟ್ಟಾಗ ಶಿವುವಿನ ಕುತ್ತಿಗೆಯ ನರ ಒಮ್ಮೆ ಹಾರಿತು.

“ನಿಮ್ಮ ಮಾವ ಇನ್ನ ಅಲ್ಲೇ ಅದಾರೇನು?” ಎಂದು ಅವನು ಕೇಳಿದ.

“ಬೇವಿನ ಮರದ ಕೆಳಗ, ವ್ಯಾನಿನಾಗ ಕುಂತಾರೆ.”

“ಮಂಡಕ್ಕಿ ಕೊಟ್ರಾ ಯಾರಾರ?”

“ರೌಫಣ್ಣ ಕೊಟ್ಟ. ತಿನ್ನಲಿಲ್ಲ.”

ವಾಮದೇವಪ್ಪ ಅವಳ ಅವ್ವನ ತಮ್ಮ. ಚಿಕ್ಕವಳಿದ್ದಾಗ ಅವಳನ್ನು ಹೆಗಲ ಮೇಲೆ ಕೂರಿಸಿಕೊಂಡು ಹೊಳೆ ತೋರಿಸಲು ಇದೇ ಹರಿಹರಕ್ಕೆ ಕರೆತಂದಿದ್ದವನು. ಹನ್ನೆರಡು ಗಂಟೆಗೆ ಬಿಳಿ ವ್ಯಾನಿನಲ್ಲಿ ಬಂದಿಳಿದು, ಅಕ್ಕಿಹಿಟ್ಟು ಬಳಿದ ಹೆಣಗಳ ನಡುವೆ ಶಲ್ಯ ತಾಗದಂತೆ ಓರೆಯಾಗಿ ನಡೆದುಬಂದು, ಅವಳ ಕೈಗೆ ಈ ಗಂಟು ಕೊಟ್ಟಿದ್ದ. ಶಿವು ಅಲ್ಲೇ ಏಣಿಯ ಮೇಲೆ ನಿಂತು ವೈರು ಬಿಗಿಯುತ್ತಿದ್ದ. ಮಾವ ಏಣಿಯನ್ನು ನೋಡಿದ, ವೈರನ್ನು ನೋಡಿದ, ಅವನನ್ನು ನೋಡಲಿಲ್ಲ.

“ನಿಮ್ಮವ್ವ ಕಳ್ಸ್ಯಾಳ. ಪ್ರತಿ ಭಾನುವಾರ ತಪ್ಪದಂಗ ನೋಡ್ತಾಳವ್ವ. ನಿಮ್ಮಪ್ಪ ಪೇಪರ್ ಅಡ್ಡ ಹಿಡಕಂಡು ನೋಡ್ತಾನೆ. ಹನ್ನೆರಡು ವಾರ ಆತು, ನನ್ನ ಮಗಳು ಎರಡೇ ಸೀರೆ ಉಟ್ಟಾಳ ಅಂತ ಅಳ್ತಾಳ ನಿಮ್ಮವ್ವ.”

“ಊರೆಲ್ಲ ಸತ್ತೈತೆ ಮಾವ, ಸೀರೆ ಎಲ್ಲಿಂದ ಬರ್ತಾವ?” ಎಂದು ಅವಳು ಅಂದಿದ್ದಳು, ಮಾವ ನಕ್ಕು, ನಕ್ಕದ್ದಕ್ಕೆ ನಾಚಿಕೊಂಡು, ದನಿ ತಗ್ಗಿಸಿ ಹೇಳಬೇಕಾದ್ದನ್ನು ಹೇಳಿದ್ದ. ಕಡೆಯ ಕಂತಿನಲ್ಲಿ ಹೆಂಡತಿ ಕಚ್ಚಿಸಿಕೊಂಡ ಗಂಡನನ್ನು ಗಿರಣಿಯೊಳಗೇ ಬಿಟ್ಟು, ದಿಡ್ಡಿ ಬಾಗಿಲಿನಿಂದ ಹೊರಗೆ ಬಂದು, ಹೊರಗಿನಿಂದ ಅಗುಳಿ ಹಾಕಿ ಹೋಗುತ್ತಾಳೆ ಎಂದು ರೌಫ್ ಸಾಬರ ಬಾಯಿಂದ ಊರಿಗೆಲ್ಲ ಗೊತ್ತಾಗಿದೆ. ಆಗಲಿ. ಊರು ನೋಡಲಿ. “ಟೀವಿಯಾಗ ನೀನು ಅವನ್ನ ಬಿಟ್ಟು ಬರಾದ್ನ ಊರೇ ನೋಡಿದ್ ಮ್ಯಾಲೆ, ಸೋಮವಾರ ನೀನು ಖರೇನ ಮನೀಗೆ ಬಂದ್ರ ಮಂದಿಗೂ ಒಪ್ಪಿಗಿ ಆಗ್ತೈತೆ. ಅಯ್ನೋರನ್ನ ಕೇಳೀವಿ. ಹೊಸದಾಗಿ ಲಿಂಗಧಾರಣೆ ಮಾಡಿಸಿದ್ರ ಹೊಸ ಹುಟ್ಟು ಅಂತ ಲೆಕ್ಕ ಆಗ್ತೈತಂತ. ಗೇಟು ನಿಮ್ಮಪ್ಪನೇ ತೆಗೀತಾನ. ಆ ಹುಡುಗನಿಗೂ ಏನಾರ ಒಂದು ದಾರಿ ಮಾಡಾಣ, ಅವನ ಊರ ಕಡೆ.”

“ಈ ಸೀರೆ?”

“ಬಿಟ್ಟು ಬರೋ ಸೀನಿನಾಗ ನೀನು ಇದನ್ನ ಉಟ್ಟಿದ್ದಿ ಅಂದ್ರ, ಒಪ್ಪೀದಿ ಅಂತ ನಿಮ್ಮವ್ವಗ ಗೊತ್ತಾಗ್ತೈತೆ. ಬ್ಯಾರೆ ಏನೂ ಬ್ಯಾಡ. ಬಾಯಿ ಬಿಟ್ಟು ಹೇಳಾದು ಬ್ಯಾಡ.”

ನೋಟುಬುಕ್ಕಿನ ಪ್ರಕಾರ ನಾಲ್ಕನೆಯ ಕಂತಿನಿಂದ ಈಚೆಗೆ ಹೆಂಡತಿಗೆ ನೀಲಿ ವಾಯಿಲ್ ಸೀರೆ, ಬಲಗಡೆ ಸೆರಗು ಮೂರು ಬೆರಳು ಹರಿದಿದೆ. ಕೊನೆಯ ನಿಮಿಷದಲ್ಲಿ ಬೇರೆ ಸೀರೆ ಬರುವಂತಿಲ್ಲ. ಇದನ್ನೇ ಅವಳು ರೌಫ್‌ಗೆ ಹೇಳಿದಾಗ ಅವನು ಕೈ ಜಾಡಿಸಿ, “ಹೊರಗ ಹೊಂಟಾಳ, ಸೀರೆ ಬದಲಾಯ್ಸ್ಯಾಳ. ಯಾವ ಹೆಂಗಸು ಬದಲಾಯ್ಸದೆ ಹೊರಗ ಹೋಗ್ತಾಳ ಹೇಳು ತಂಗಿ?” ಎಂದುಬಿಟ್ಟಿದ್ದ. ಎಲ್ಲ ಅಡ್ಡಿಗಳೂ ಇಷ್ಟು ಸಲೀಸಾಗಿ ತೆರವಾಗುತ್ತಿದ್ದುದೇ ಅವಳಿಗೆ ಹೆದರಿಕೆ ಹುಟ್ಟಿಸಿತ್ತು. ಬೇಡ ಎಂದು ಅವಳು ಮಾವನಿಗೆ ಆ ಕ್ಷಣವೇ ಹೇಳಲಿಲ್ಲ. ಗಂಟನ್ನು ಕೈಯಲ್ಲಿ ತೆಗೆದುಕೊಂಡಿದ್ದಳು. ಅದರೊಳಗಿಂದ ಅವ್ವನ ಬೀರುವಿನ ವಾಸನೆ, ಕರ್ಪೂರದ್ದೋ ನುಸಿಗುಳಿಗೆಯದೋ, ಮೆಲ್ಲಗೆ ಬರುತ್ತಿತ್ತು. ಮೂರು ತಾಸಿನಿಂದ ಬರುತ್ತಲೇ ಇತ್ತು.

“ನಾನು ಏಣಿ ಮ್ಯಾಲಿದ್ದೆ, ಕಿವುಡ ಅಲ್ಲ,” ಎಂದ ಶಿವು, ಕತ್ತು ಓರೆಯಾಗಿಯೇ ಇಟ್ಟುಕೊಂಡು. “ಹೋಗಾದಾದ್ರ ಹೋಗು ನಯನಾ. ನಾನು ಅಡ್ಡ ಬರಾಕಿಲ್ಲ. ಒಂದು ಮಾತು, ನನ್ನ ಮುಂದ ವಾಚು ನೋಡಬ್ಯಾಡ.”

ಅವಳು ವಾಚು ನೋಡುತ್ತಿದ್ದದ್ದು ಕೆಂಪು ಒಣಗುವ ಹೊತ್ತಿಗಾಗಿ. ಹಾಗೆಂದು ಹೇಳಬಹುದಿತ್ತು. ಹೇಳಿದರೆ ಅವನು ಒಪ್ಪಿಬಿಡುತ್ತಾನೆ. ಅವನು ಯಾವುದನ್ನೂ ಒಪ್ಪಿಬಿಡುತ್ತಾನೆ. ಆ ದಿನವೂ ಒಪ್ಪಿದ್ದ. ಜುಲೈ ತಿಂಗಳು, ಇದೇ ಹರಿಹರದ ಬಸ್‌ಸ್ಟ್ಯಾಂಡು, ಶೂಟಿಂಗು ಮುಗಿಸಿ ದಾವಣಗೆರೆಗೆ ಹೊರಟ ಸಂಜೆ. ಕೈ ಕೈ ಹಿಡಿದುಕೊಂಡು ಬಸ್ಸು ಹತ್ತಿದ್ದರು. ಮೂರನೆಯ ಸೀಟಿನಲ್ಲಿ ಮಠದ ಭಕ್ತರ ಗುಂಪಿನ ನಡುವೆ ಅಪ್ಪ ಕುಳಿತಿದ್ದರು. ಬಿಳಿ ಜುಬ್ಬ, ಮಡಿಲಲ್ಲಿ ಮಡಿಸಿದ ಛತ್ರಿ. ಅವಳ ಕೈ ಅವಳನ್ನು ಕೇಳದೆ ಶಿವುವಿನ ಕೈಯನ್ನು ಬಿಟ್ಟಿತು. ಬಿಟ್ಟದ್ದಷ್ಟೇ ಅಲ್ಲ, ಸೆರಗಿಗೆ ಒರೆಸಿಕೊಂಡಿತು. ಕಂಡಕ್ಟರು ಬಂದು, “ಎಷ್ಟಮ್ಮ?” ಎಂದಾಗ, ಶಿವು ಅವಳ ಬೆನ್ನಿಗೆ ತಾಗಿಯೇ ನಿಂತಿದ್ದಾಗ, ಅವಳು “ಒಂದು” ಎಂದಳು. ಒಂದು ದಾವಣಗೆರೆ. ದನಿ ಸ್ವಚ್ಛವಾಗಿತ್ತು, ಪ್ರಾಕ್ಟಿಕಲ್ ಪರೀಕ್ಷೆಯಲ್ಲಿ ರೀಡಿಂಗ್ ಹೇಳುವಂತೆ. ಹಿಂದಿನಿಂದ ಅವನು ತನ್ನದೊಂದು ಟಿಕೇಟು ತೆಗೆದುಕೊಂಡ ಸದ್ದು ಕೇಳಿತು. ಅಪ್ಪ ತಿರುಗಿ ನೋಡಲೇ ಇಲ್ಲ. ಸತ್ತವಳಿಗಾಗಿ ಅವರು ಯಾಕೆ ತಿರುಗಬೇಕು? ಇಪ್ಪತ್ತೈದು ನಿಮಿಷ ಅವಳು ಅವರ ತಲೆಯ ಹಿಂಭಾಗವನ್ನು, ಅಲ್ಲಿಯ ಹೊಸ ಬಿಳಿ ಕೂದಲನ್ನು, ನೋಡುತ್ತ ನಿಂತಿದ್ದಳು. ವಿನೋಬನಗರದ ಒಂದು ಕೋಣೆಯ ಮನೆಗೆ ಬಂದು ಬೀಗ ತೆಗೆಯುವಾಗ ಶಿವು, “ಬಸ್ಸು ರಶ್ ಇತ್ತು,” ಎಂದ. ಅಷ್ಟೇ. ಅವನು ಬೈದಿದ್ದರೆ ಅವಳು ಅಳುತ್ತಿದ್ದಳು, ಅತ್ತಿದ್ದರೆ ಅದು ತೀರುತ್ತಿತ್ತು. ಆ ರಶ್ ಎಂಬ ಮಾತು ನಾಲ್ಕು ತಿಂಗಳಿಂದ ಅವರ ನಡುವೆ ಮಲಗುತ್ತಿತ್ತು. ಧಾರಾವಾಹಿಯಲ್ಲಿ ಅವಳು ಅವನಿಗಾಗಿ ಹನ್ನೆರಡು ಸಲ ಪ್ರಾಣ ಪಣವಿಟ್ಟಿದ್ದಳು. ವಿನೋಬನಗರದ ಹೆಂಗಸರು ನಲ್ಲಿಯ ಬಳಿ ಅವಳನ್ನು ನಿಲ್ಲಿಸಿ ಹೊಗಳಿದ್ದರು. ಒಂದೊಂದು ಹೊಗಳಿಕೆಗೂ ಅವಳಿಗೆ ಆ ಟಿಕೇಟು ನೆನಪಾಗಿತ್ತು.

“ಮುಗೀತು,” ಎಂದು ಬೆರಳು ಒರೆಸಿಕೊಂಡಳು. “ಮುಟ್ಟಬ್ಯಾಡ್ರಿ. ಹದಿನೈದು ನಿಮಿಷ.”

“ಹಾಂ. ಹದಿನೈದು ನಿಮಿಷ ಬದುಕಿರ್ತೀನಿ,” ಎಂದು ಅವನು ನಕ್ಕ.

ಹೊರಗಿನಿಂದ ರೌಫ್ ಕೂಗಿದ: “ಜಲ್ದಿ ತಂಗಿ! ಐದಕ್ಕ ಗೋಣೆಪ್ಪ ಬೀಗ ಹಾಕ್ತಾನ. ಬಿಸಿಲು ಹೋಗ್ತೈತೆ. ಒಂದೇ ಶಾಟ್, ಒಂದೇ ಟೇಕ್!” ಗೋಣೆಪ್ಪ ಗಿರಣಿಯ ಕಾವಲುಗಾರ, ಬೀಗದ ಗೊಂಚಲು ಹಿಡಿದು ಆಗಲೇ ಗೇಟಿನ ಬಳಿ ಸ್ಟೂಲು ಹಾಕಿಕೊಂಡಿದ್ದ. ಒಂದೇ ಟೇಕ್ ಎಂಬುದು ರೌಫ್‌ಗೆ ಹೊಸತಲ್ಲ. ಅವನು ತೆಗೆದದ್ದೆಲ್ಲ ಒಂದೇ ಟೇಕು. ತಾಳಿ ಕಟ್ಟುವಾಗ ಕರೆಂಟು ಹೋಗಲಿ, ಮದುಮಗಳ ಚಿಕ್ಕಪ್ಪ ಕುಡಿದು ಬಂದು ಜಗಳ ತೆಗೆಯಲಿ, ಕ್ಯಾಮೆರಾ ನಿಲ್ಲಿಸುವಂತಿಲ್ಲ. ನಿಲ್ಲಿಸಿದ ನಿಮಿಷದಲ್ಲೇ ನಡೆಯಬೇಕಾದ್ದು ನಡೆದುಹೋಗುತ್ತದೆ. ಹದಿನಾರು ವರ್ಷದ ಈ ಅಭ್ಯಾಸದಿಂದ ಅವನಿಗೆ ಕಟ್ ಎನ್ನಲು ಬರುತ್ತಲೇ ಇರಲಿಲ್ಲ. ಹೆಣಗಳು ಎಡವಿ ಬಿದ್ದರೂ ಅವನು ತೆಗೆಯುತ್ತಲೇ ಇರುತ್ತಿದ್ದ. ಅದನ್ನು ನಯನಾ ನೋಟುಬುಕ್ಕಿನಲ್ಲಿ ಹಲವು ಸಲ ದೂರಿನ ರೂಪದಲ್ಲಿ ಬರೆದಿದ್ದಳು.

ಹಳೆಯ ಟೈಮ್ ಆಫೀಸಿನ ಬಾಗಿಲು ಮುಂದೆ ಮಾಡಿಕೊಂಡು ಅವಳು ಗಂಟು ಬಿಚ್ಚಿದಳು. ಕೆನೆಬಣ್ಣದ ರೇಷ್ಮೆ, ಕೆಂಪು ಅಂಚು. ಅವ್ವ ಇದನ್ನು ಉಟ್ಟಿದ್ದು ಎರಡೋ ಮೂರೋ ಸಲ. ಮಡಿಕೆಯ ಗೆರೆಗಳಲ್ಲಿ ಬಣ್ಣ ತುಸು ಮಾಸಿತ್ತು. ಗೋಡೆಯ ಮೇಲೆ ಕಾರ್ಮಿಕರ ಕಾರ್ಡು ಸಿಕ್ಕಿಸುತ್ತಿದ್ದ ಖಾಲಿ ಗೂಡುಗಳು ಸಾಲಾಗಿದ್ದವು, ಒಂದೊಂದಕ್ಕೂ ಅಂಕಿ, ಅವುಗಳಲ್ಲಿ ಒಂದು, ಗಿರಣಿ ಮುಚ್ಚುವ ತನಕ ಇಲ್ಲೇ ದುಡಿದಿದ್ದ ಶಿವುವಿನದಾಗಿತ್ತು, ನೂರ ತೊಂಬತ್ತೇಳು. ನೀಲಿ ಸೀರೆಯನ್ನು ಬಿಚ್ಚಿ ಮಡಿಸಿಟ್ಟಳು. ರವಿಕೆಯೊಳಗೆ ಶಿವದಾರದ ತುದಿಯಲ್ಲಿ ಲಿಂಗವಿಟ್ಟ ಕರಡಿಗೆ ಎದೆಗೆ ತಣ್ಣಗೆ ತಾಗಿತು. ಸತ್ತವರನ್ನು ಕೂರಿಸಿ, ಅವರ ಅಂಗೈಯಲ್ಲಿ ಅವರದೇ ಲಿಂಗವನ್ನಿಟ್ಟು ಮಣ್ಣು ಮಾಡುತ್ತಾರೆ. ಅವಳ ಲಿಂಗ ಅವಳ ಕೊರಳಲ್ಲೇ ಇತ್ತು. ಹಾಗಾದರೆ ಅಪ್ಪ ಆವತ್ತು ಮಾಡಿದ್ದು ಏನು? ಹೆಣವಿಲ್ಲ, ಲಿಂಗವಿಲ್ಲ, ಮಣ್ಣಿಲ್ಲ. ಫೋಟೊ ಒಂದು, ಹೋಳಿಗೆ ಒಂದಿಷ್ಟು. ಪ್ರಯೋಗ ಅಪೂರ್ಣ. ಫಲಿತಾಂಶ ಒಪ್ಪುವಂತಿಲ್ಲ. ಒಂದು ವರ್ಷ ಎರಡು ತಿಂಗಳಿನಲ್ಲಿ ಈ ಸರಳವಾದ ತರ್ಕ ತನಗೆ ಹೊಳೆದಿರಲಿಲ್ಲವಲ್ಲ ಎಂದು ಅವಳಿಗೆ, ಸೆರಗಿನ ಪಿನ್ನು ಬಾಯಲ್ಲಿ ಕಚ್ಚಿಕೊಂಡೇ, ನಗೆ ಬಂತು. ಹೊಸ ಹುಟ್ಟು ಬೇಕಾಗಿರುವುದು ಸತ್ತವರಿಗೆ. ಅವಳು ಸೀರೆ ಉಟ್ಟಳು. ನೆರಿಗೆಗಳನ್ನು ಎಣಿಸಿ ಹಿಡಿದಳು, ಏಳು. ಪೆಟ್ಟಿಗೆಯಿಂದ ನಿಂಬೆಯ ಒಂದು ಹೋಳನ್ನು ತೆಗೆದು ಎಡಮುಷ್ಟಿಯಲ್ಲಿ ಮುಚ್ಚಿಕೊಂಡು ಹೊರಗೆ ಬಂದಳು.

ಬೇವಿನ ಮರದ ಕೆಳಗೆ ವಾಮದೇವಪ್ಪ ಅವಳನ್ನು ಕಂಡೊಡನೆ ವ್ಯಾನಿನಿಂದ ಇಳಿದು ನಿಂತ. ಸೀರೆಯನ್ನು ನೋಡಿದ. ಅವನ ಮುಖ ಸಡಿಲವಾಯಿತು; ಕಣ್ಣು ಒರೆಸಿಕೊಂಡನೇನೋ. ಶಿವು ಕೂಡ ನೋಡಿದ. ಅವನು ತನ್ನ ಜಾಗಕ್ಕೆ ಹೋಗಿ, ದಿಡ್ಡಿ ಬಾಗಿಲಿನಿಂದ ಮೂರು ಹೆಜ್ಜೆ ಒಳಗೆ, ಕಂಬಕ್ಕೆ ಒರಗಿ ಕುಳಿತ. ಕುಳಿತ ರೀತಿಯಲ್ಲಿ ನಟನೆ ಇರಲಿಲ್ಲ.

ರೌಫ್ ದಿಡ್ಡಿ ಬಾಗಿಲ ಹೊರಗೆ ನಿಂತು ಕ್ಯಾಮೆರಾ ಹೆಗಲಿಗೇರಿಸಿದ. ಕೆಂಪು ದೀಪ ಹತ್ತಿತು. ಒಳಗಿನ ಕತ್ತಲಿನಿಂದ ರಂಗವ್ವನ ಹಿಂದೆ ಮೂವತ್ತು ಹೆಣಗಳು ಕಾಲೆಳೆಯುತ್ತ ಬರತೊಡಗಿದವು. ನಯನಾ ಶಿವುವಿನ ಮುಂದೆ ಮಂಡಿಯೂರಿ, ಬರೆದುಕೊಟ್ಟಿದ್ದ ಮಾತನ್ನು ಹೇಳಿದಳು: “ನಿಮ್ಮನ್ನು ಈ ಸ್ಥಿತಿಯಲ್ಲಿ ನೋಡಲಾರೆ. ನಾನು ಬದುಕಬೇಕು. ನನ್ನನ್ನು ಕ್ಷಮಿಸಿ.” ಎದ್ದಳು. ದಿಡ್ಡಿ ಬಾಗಿಲಿಗೆ ಮೂರು ಹೆಜ್ಜೆ. ಒಂದು, ಎರಡು, ಮೂರು. ಬಗ್ಗಿ ಹೊರಗೆ ಕಾಲಿಟ್ಟಳು. ಬಿಸಿಲು ಮುಖಕ್ಕೆ ಹೊಡೆಯಿತು. ತುಕ್ಕು ಹಿಡಿದ ಅಗುಳಿ ಅವಳ ಬಲಗೈ ಕೆಳಗೆ ಬೆಚ್ಚಗಿತ್ತು. ಎದುರಿಗೆ ರೌಫ್‌ನ ಕ್ಯಾಮೆರಾ, ಅದರ ಹಿಂದೆ ಮಾವ, ಅವನ ಹಿಂದೆ ಬಾಗಿಲು ತೆರೆದ ವ್ಯಾನು. ಮುಂದಿನ ಸೀಟು ಖಾಲಿ. ಒಂದು ಸೀಟು. ಅಗುಳಿಯನ್ನು ಎಳೆಯುವುದು ಎಷ್ಟು ಸುಲಭವೆಂದು ಅವಳ ಕೈಗೆ ಗೊತ್ತಿತ್ತು. ಇದೇ ಕೈ ಒಮ್ಮೆ ಸೆರಗಿಗೆ ಒರೆಸಿಕೊಂಡಿತ್ತು. ಬಾಗಿಲ ಸಂದಿಯಿಂದ ಶಿವು ಕಾಣುತ್ತಿದ್ದ. ಅವನು ಅವಳನ್ನು ನೋಡುತ್ತಿರಲಿಲ್ಲ. ಅವಳಿಗೆ ಕಷ್ಟವಾಗದಿರಲೆಂದು ಮುಖ ಆ ಕಡೆ ತಿರುಗಿಸಿಕೊಂಡಿದ್ದ.

ಅವಳು ಅಗುಳಿ ಬಿಟ್ಟಳು. ಬಗ್ಗಿ ಒಳಗೆ ಬಂದಳು.

ಹೆಣಗಳು ತಬ್ಬಿಬ್ಬಾದವು. ಇದು ಬರೆದದ್ದರಲ್ಲಿ ಇರಲಿಲ್ಲ. ರಂಗವ್ವ ಎತ್ತಿದ ಕಾಲನ್ನು ಎತ್ತಿಯೇ ನಿಂತಳು. ರೌಫ್, ಅಭ್ಯಾಸಬಲದಿಂದ, ಅವಳ ಹಿಂದೆಯೇ ಬಗ್ಗಿ ಒಳಗೆ ಬಂದ. ಕೆಂಪು ದೀಪ ಉರಿಯುತ್ತಲೇ ಇತ್ತು. ಅವಳು ಶಿವುವಿನ ಗದ್ದ ಹಿಡಿದು ಕತ್ತು ಓರೆ ಮಾಡಿ, ಎಡಮುಷ್ಟಿಯನ್ನು ಗಾಯದ ಮೇಲೆ ಹಿಂಡಿದಳು. ರಸ ಇಳಿದಲ್ಲೆಲ್ಲ ಕೆಂಪು ಸರಿದು ಹೋಯಿತು, ಅಂಚಿನಿಂದ ಒಳಕ್ಕೆ, ಬೆಂಕಿ ಹತ್ತಿದ ಕಾಗದದಂತೆ. ಎರಡು ಉಸಿರಿನಷ್ಟು ಹೊತ್ತು. ಅವನ ಕುತ್ತಿಗೆಯ ಮೇಲೆ ಹಳದಿ ಹೊಳೆಯಿತು, ಮದುವೆಯ ಹಿಂದಿನ ದಿನ ಐದು ಜನ ಮುತ್ತೈದೆಯರು ಹಚ್ಚಬೇಕಾಗಿದ್ದ, ಯಾರೂ ಹಚ್ಚದೆ ಹೋದ ಹಳದಿ. ನೆತ್ತರನ್ನೊರೆಸಿದ ಅಂಗೈಯನ್ನು ಅವಳು ಸೆರಗಿಗೇ ಒರೆಸಿದಳು. ಕೆನೆಬಣ್ಣದ ರೇಷ್ಮೆಯ ಮೇಲೆ ಅರಿಶಿನ ಕುಳಿತಿತು. ರೇಷ್ಮೆಗೆ ಕುಳಿತ ಅರಿಶಿನ ಹೋಗುವುದಿಲ್ಲ, ಅದೂ ಅವಳಿಗೆ ಗೊತ್ತಿತ್ತು. ಆಮೇಲೆ ಕ್ಯಾಮೆರಾದ ಗಾಜಿನ ಕಡೆಗೆ ತಿರುಗಿದಳು. ಹನ್ನೆರಡು ಕಂತುಗಳಲ್ಲಿ ಯಾರೂ ಅದನ್ನು ನೇರವಾಗಿ ನೋಡಿರಲಿಲ್ಲ.

“ಅವ್ವ, ನೋಡು. ಇದು ರಕ್ತ ಅಲ್ಲ, ಅರಿಶಿನ. ಇವರು ಸತ್ತಿಲ್ಲ. ನಾನೂ ಸತ್ತಿಲ್ಲ. ಸೀರೆ ಉಟ್ಟೀನಿ, ಚಂದ ಐತೆ. ಬರೋದಾದ್ರ ಇಬ್ಬರೂ ಬರ್ತೀವಿ. ಅಪ್ಪಗ ಪೇಪರ್ ಕೆಳಗ ಇಡಾಕ ಹೇಳು.”

ಶಿವುವಿನ ಕೈ ಹಿಡಿದು ಎಬ್ಬಿಸಿದಳು. “ಏಳ್ರಿ.” ಅವನು ಎದ್ದ. ಏನು ಮಾಡಬೇಕೆಂದು ತಿಳಿಯದ ಹೆಣಗಳು ಎರಡು ಸಾಲಾಗಿ ಸರಿದು ದಾರಿ ಬಿಟ್ಟವು. ರೌಫ್ ಹಿಂದಕ್ಕೆ ಹಿಂದಕ್ಕೆ ಹೆಜ್ಜೆಯಿಡುತ್ತ, ಮಂಟಪದಿಂದ ಇಳಿದುಬರುವ ಜೋಡಿಯನ್ನು ತೆಗೆಯುವಂತೆ ತೆಗೆಯುತ್ತ, ದಿಡ್ಡಿ ಬಾಗಿಲನ್ನು ಬೆನ್ನಿನಿಂದ ಹುಡುಕಿ ಹೊರಬಿದ್ದ. ಅವರ ಹಿಂದಿನಿಂದ ರಂಗವ್ವ, ಸತ್ತವರು ಮಾತಾಡಬಾರದೆಂಬುದನ್ನು ಮರೆತು, “ಅಕ್ಕಿಹಿಟ್ಟಿನ ಬದಲು ಅಕ್ಕಿ ತಂದಿದ್ರ ಒಂದಿಷ್ಟು ಹಾಕ್ತಿದ್ವಲ್ಲೋ ಸಾಬ,” ಎಂದಳು. ಅದೂ ಟೇಪಿನಲ್ಲಿ ಬಂತು. ಹೊರಗೆ ಕ್ಯಾಮೆರಾ ತನ್ನ ಕಡೆ ತಿರುಗಿದಾಗ ವಾಮದೇವಪ್ಪ, ನೂರು ಮದುವೆಗಳ ರೂಢಿಯಿಂದ, ಶಲ್ಯ ಸರಿಮಾಡಿಕೊಂಡು ಮುಗುಳ್ನಕ್ಕ. ಆಮೇಲೆ ಅವನಿಗೆ ಅರ್ಥವಾಯಿತು.

“ಸಾಬ್ರೆ, ಇದನ್ನ ಹಾಕಬ್ಯಾಡ್ರಿ. ಅಳಿಸ್ರಿ.”

“ಮದುವಿ ಕ್ಯಾಸೆಟ್ ಅಳಿಸಿದ್ರ ನನ್ನ ಕೈಗೆ ಯಾರು ಕೆಲಸ ಕೊಡ್ತಾರ ಸಾವ್ಕಾರ್ರೆ?” ರೌಫ್ ಹಣೆಯ ಬೆವರು ಒರೆಸಿಕೊಂಡ. ಅವನಿಗೂ ಸಿಟ್ಟು ಬಂದಿತ್ತು, ಯಾರ ಮೇಲೆಂದು ತಿಳಿದಿರಲಿಲ್ಲ. “ನನ್ನ ಕಥಿ ಕೆಡಿಸಿಬಿಟ್ಟಿಯಲ್ಲ ತಂಗಿ. ಹದಿಮೂರು ವಾರ... ಬ್ಯಾರೆ ಟೇಪಿಲ್ಲ, ಬ್ಯಾರೆ ಬಿಸಿಲಿಲ್ಲ. ಇದನ್ನ ಹಾಕಬೇಕು.”

ಮಾವ ಅವಳ ಹತ್ತಿರ ಬಂದ. ಸೆರಗಿನ ಕಲೆಯನ್ನೇ ನೋಡುತ್ತ, “ನಿಮ್ಮವ್ವನ ಮದುವಿ ಸೀರೆ ಅದು ನಯನಾ,” ಎಂದ. ಅದು ಅವಳಿಗೆ ಗೊತ್ತಿರಲಿಲ್ಲ. ಬಿಟ್ಟು ಬರುವುದಕ್ಕೆ ಅವ್ವ ತನ್ನ ಮದುವೆಯ ಸೀರೆಯನ್ನು ಕಳಿಸಿದಳೇ? ಬೀರುವಿನ ಮುಂದೆ ನಿಂತು ಅದನ್ನೇ ಆರಿಸಿದಳೇ, ಕೈಗೆ ಸಿಕ್ಕಿತೇ? ಈ ಪ್ರಶ್ನೆಗೆ ಉತ್ತರ ಅಪ್ಪನ ಮನೆಯ ಗೇಟಿನ ಆಚೆಗಿತ್ತು, ಅಲ್ಲಿಗೆ ಒಬ್ಬಳೇ ಹೋಗುವುದಿಲ್ಲವೆಂದು ಈಗಷ್ಟೇ ಹೇಳಿ ಆಗಿತ್ತು. ದುಃಖ ಬಂತು, ಆದರೆ ತಪ್ಪು ಮಾಡಿದ ದುಃಖ ಹೇಗಿರುತ್ತದೆಂದು ಅವಳು ನಾಲ್ಕು ತಿಂಗಳಿಂದ ಬಲ್ಲಳು, ಇದು ಅದಾಗಿರಲಿಲ್ಲ.

“ಹಂಗಾದ್ರ ಸರಿಯಾಗೇ ಉಟ್ಟೀನಿ ಮಾವ,” ಎಂದಳು.

“ಹೊತ್ತಾಗ್ತೈತೆ. ದಾವಣಗೆರಿ ತನಕ ವ್ಯಾನಿನಾಗ ಬಾರವ್ವ, ಅಷ್ಟಾದ್ರೂ.” ಬೇವಿನ ಮರವನ್ನು ನೋಡುತ್ತ, “ಅವನು ಹಿಂದಿಂದ ಬಸ್ಸಿಗೆ ಬರಲಿ,” ಎಂದ.

“ಬ್ಯಾಡ ಮಾವ. ನೀವು ಹೋಗ್ರಿ. ಮಂಡಕ್ಕಿ ಆದ್ರೂ ತಿಂದು ಹೋಗ್ರಿ, ಹಸಕಂಡೀರಿ.”

ಗೋಣೆಪ್ಪ ಐದಕ್ಕೆ ಸರಿಯಾಗಿ ಬೀಗ ಹಾಕಿದ. ಹೆಣಗಳು ಕೊಳಾಯಿಯಲ್ಲಿ ಮುಖ ತೊಳೆದುಕೊಂಡು ತಮ್ಮ ತಮ್ಮ ಮನೆಗಳಿಗೆ ಹೊರಟವು. ನಯನಾ ಮತ್ತು ಶಿವು ಮುಖ ತೊಳೆಯಲಿಲ್ಲ. ಬಸ್‌ಸ್ಟ್ಯಾಂಡಿನವರೆಗೆ ಕೈ ಹಿಡಿದುಕೊಂಡೇ ನಡೆದರು. ಅವಳ ಕೈಯಲ್ಲಿದ್ದ ಅವನ ಕೈ, ಹೊಸ ಜಾಗಕ್ಕೆ ಬಂದ ಪ್ರಾಣಿಯಂತೆ, ಆಗಾಗ ಅಲುಗಾಡಿ ಮತ್ತೆ ಸುಮ್ಮನಾಗುತ್ತಿತ್ತು. ಕಡಲೆಕಾಯಿ ಮಾರುವವಳು ಅವನ ಹಳದಿ ಕುತ್ತಿಗೆಯನ್ನೂ ಅವಳ ಸೆರಗನ್ನೂ ನೋಡಿ ನಕ್ಕಳು. ಒಬ್ಬಾತ ಗುರುತು ಹಿಡಿದು, “ಟೀವಿಯವ್ರಲ್ಲೇನ್ರಿ? ಕಡೀಗೆ ಏನಾಗ್ತೈತ್ರಿ, ಬಿಟ್ಟು ಹೋಗ್ತೀರಂತಲ್ಲ?” ಎಂದು ಕೇಳಿದ. ಶಿವು ಅವಳ ಕಡೆ ನೋಡಿದ. ಅವಳು ಉತ್ತರಿಸುವಷ್ಟರಲ್ಲಿ ಬಸ್ಸು ಬಂತು.

ಬಸ್ಸು ತುಂಬಿತ್ತು. ಹತ್ತಿದ ಕೂಡಲೇ ಅವಳ ಕಣ್ಣು ತಾನಾಗಿ ಮೂರನೆಯ ಸೀಟಿಗೆ ಹೋಯಿತು. ಅಲ್ಲಿ ಬಿಳಿ ಜುಬ್ಬದ ಯಾರೋ ಕುಳಿತಿದ್ದರು, ಮುಖ ಕಿಟಕಿಯ ಕಡೆಗೆ, ತಲೆಯ ಹಿಂಭಾಗ ಮಾತ್ರ ಕಾಣುತ್ತಿತ್ತು, ಬಿಳಿ ಕೂದಲು. ಅಪ್ಪನೇ ಇರಬಹುದು, ಅಲ್ಲದಿರಬಹುದು. ಬಗ್ಗಿ ನೋಡಿ ಖಚಿತಪಡಿಸಿಕೊಳ್ಳುವುದು ಅವಳ ಸ್ವಭಾವ. ಅವಳು ಬಗ್ಗಲಿಲ್ಲ. ಕೈಯೊಳಗಿನ ಕೈಯನ್ನು ಇನ್ನೊಂದಿಷ್ಟು ಬಿಗಿಯಾಗಿ ಹಿಡಿದಳು. ನಿಂಬೆಯ ರಸದಿಂದ ಎರಡೂ ಅಂಗೈ ಅಂಟಂಟಾಗಿದ್ದವು.

ಕಂಡಕ್ಟರು ಜನರ ನಡುವೆ ನುಗ್ಗಿಕೊಂಡು ಬಂದ. “ಎಷ್ಟಮ್ಮ?”

“ಎರಡು,” ಎಂದು ನಯನಾ, ಬಸ್ಸಿನ ಕೊನೆಯ ಸೀಟಿನವರೆಗೂ ಕೇಳುವಂತೆ ಹೇಳಿದಳು. “ಎರಡು ದಾವಣಗೆರೆ.”